ಫುಡ್ ಪ್ರೊಸೆಸರ್‌ನ ದೊಡ್ಡ ಬೌಲ್: ಒಟ್ಟಿ ಹಿಟ್ಟು, ಕಣಿಲೆ, ಕೈಮಕ್ಕೆ ಹೇಗೆ ಬಳಸೋದು?

ನಾಪೋಕ್ಲು ಅಡುಗೆಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿರೋದು 1000 ವ್ಯಾಟ್ ಫುಡ್ ಪ್ರೊಸೆಸರ್. 2 ಲೀಟರ್ ಬೌಲ್, ಹೆಚ್ಚುವ ಸ್ಟೀಲ್ ಬ್ಲೇಡ್, ಹಿಟ್ಟು ನಾದುವ ಪ್ಲಾಸ್ಟಿಕ್ ಬ್ಲೇಡ್, ಸ್ಲೈಸ್ ಮಾಡುವ ಮತ್ತು ತುರಿಯುವ ತಟ್ಟೆಗಳು, ಕಿತ್ತಳೆ ಹಿಂಡುವ ಭಾಗ, ಮೂರು ಜಾರ್ ಇವೆ. ಬಳಕೆಯಾಗೋದು ಜಾರ್ ಮಾತ್ರ. ಬೌಲ್‌ಗೆ ಈರುಳ್ಳಿ ಹಾಕಿದರೆ ಕೆಳಗೆಲ್ಲ ನೀರು, ಮೇಲೆ ದಪ್ಪ ಹೋಳು. ಅಕ್ಕಿ ಒಟ್ಟಿಯ (ಅನ್ನ ಸೇರಿಸಿ ಮಾಡೋ ಅಕ್ಕಿ ರೊಟ್ಟಿ) ಹಿಟ್ಟು ಬ್ಲೇಡಿಗೆ ಮೆತ್ತಿಕೊಂಡು ಮೋಟಾರ್ ನಿಂತುಬಿಡುತ್ತೆ. ಕಕ್ಕಡದಲ್ಲಿ (ಮಳೆಗಾಲದ ಕೊಡವ ತಿಂಗಳು) ಕಣಿಲೆ, ಅಂದರೆ ಎಳೆ ಬಿದಿರು ಹೆಚ್ಚೋಕೆ, ಕೈಮ ಉಂಡೆಗೆ ಮಾಂಸ ಕೊಚ್ಚೋಕೆ ಇದು ಆಗುತ್ತಾ? ಮಳೆಗಾಲದಲ್ಲಿ ವೋಲ್ಟೇಜ್ ಇಳಿದಾಗ ಓಡಿಸಬಹುದಾ?

ಕಾಳುಮೆಣಸು, ವಿರಾಜಪೇಟೆ:

ಅಕ್ಕ, ಬೌಲ್ ಇರೋದು ಹೆಚ್ಚೋಕೆ, ತುರಿಯೋಕೆ, ನಾದೋಕೆ. ನುಣ್ಣಗೆ ರುಬ್ಬೋಕೆ ಅಲ್ಲ. ತಳ ಅಗಲ, ಬ್ಲೇಡಿಗೂ ಗೋಡೆಗೂ ನಡುವೆ ಸಂದಿ ಇದೆ, ಹಾಗಾಗಿ ತೆಂಗಿನಕಾಯಿ ಎಷ್ಟು ಓಡಿಸಿದರೂ ತರಿಯಾಗೇ ಉಳಿಯುತ್ತೆ. ಪಲ್ಯಕ್ಕೆ ಉದುರಿಸುವ ಕಾಯಿಗೆ ಅದೇ ಬೇಕು. ಸಾರಿನ ಮಸಾಲೆಗಾದರೆ ಜಾರೇ ಸರಿ.

ಈರುಳ್ಳಿ ನೀರಾಗೋದು ಒಂದೇ ಸಮ ಓಡಿಸೋದರಿಂದ. ಕೆಳಗಿನ ಹೋಳು ಬ್ಲೇಡಿನ ಹತ್ತಿರವೇ ಸುತ್ತುತ್ತಾ ಜಜ್ಜಿಹೋಗುತ್ತೆ, ಮೇಲಿನದು ಕೆಳಗೆ ಇಳಿಯೋದೇ ಇಲ್ಲ. ಸಾಧಾರಣ ಗಾತ್ರದ 4 ಈರುಳ್ಳಿ ತಗೊಳ್ಳಿ, ಒಂದೊಂದನ್ನೂ ನಾಲ್ಕು ಹೋಳು ಮಾಡಿ ಹಾಕಿ. ಬೌಲ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಪಲ್ಸ್ ಕಡೆಗೆ ಒಂದು ಸೆಕೆಂಡ್ ತಿರುಗಿಸಿ ಬಿಡಿ. ಹೋಳೆಲ್ಲ ಕೆಳಗೆ ಬಿದ್ದ ಮೇಲೆ ಮತ್ತೆ. ಪಂದಿ ಕರಿಗೆ (ಹಂದಿ ಮಾಂಸದ ಕರಿ) ಬೇಕಾದ ಹದಕ್ಕೆ ಐದಾರು ಸಲ ಸಾಕು. ತೊಳೆದ ನೀರು ಮೊದಲೇ ಒರೆಸಿಬಿಡಿ.

ಶುಂಠಿಗೆ ನಾರಿದೆ. ಉದ್ದ ತುಂಡು ಹಾಕಿದರೆ ನಾರು ಬ್ಲೇಡಿನ ಬುಡಕ್ಕೆ ಸುತ್ತಿಕೊಳ್ಳುತ್ತೆ. ಮೊದಲೇ ಅಡ್ಡಡ್ಡ ಬಿಲ್ಲೆ ಕತ್ತರಿಸಿ ಹಾಕಿ. ಕಾಳುಮೆಣಸು, ಕಾಫಿ ಬೀಜ, ಒಣ ಅರಿಶಿನದ ಕೊಂಬು ಬೌಲ್‌ಗೆ ಬೇಡವೇ ಬೇಡ, ಪ್ಲಾಸ್ಟಿಕ್ ಗೀರಿ ಮಬ್ಬಾಗುತ್ತೆ. ಕಡಂಬುಟ್ಟಿನ (ಉಂಡೆ ಕಡುಬು) ಅಕ್ಕಿ ತರಿಗೂ ಡ್ರೈ ಜಾರ್ ಬಳಸಿ.

ಪೊನ್ನಂಪೇಟೆ ಒಲೆ:

ಒಟ್ಟಿ ಹಿಟ್ಟಿನ ಬಗ್ಗೆ ಸ್ವಲ್ಪ ವಿವರವಾಗಿ ಬರೀತೀನಿ, ಬೌಲ್‌ನಿಂದ ನಿಜವಾಗಿ ಕೈಗೆ ಬಿಡುವು ಸಿಗೋದು ಇಲ್ಲೇ.

ಗೋಧಿ ಹಿಟ್ಟಿನ ಹಾಗೆ ಅಕ್ಕಿ ಹಿಟ್ಟಿನಲ್ಲಿ ಗ್ಲುಟನ್ ಇಲ್ಲ. ನಾದಿದಷ್ಟೂ ಹದ ಬರುತ್ತೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಜಾಸ್ತಿ ನಾದಿದರೆ ಅನ್ನದ ಪಿಷ್ಟ ಒಡೆದು ಅಂಟಾಗುತ್ತೆ, ಮೋಟಾರ್ ಹಿಡಿದುಕೊಳ್ಳೋದೂ ಆಗಲೇ. ಅಕ್ಕಿ ಹಿಟ್ಟು ಒಂದು ಪಾಲು, ಮೆತ್ತಗೆ ಬೆಂದ ಅನ್ನ ಒಂದು ಪಾಲು. 2 ಲೀಟರ್ ಬೌಲ್‌ಗೆ ಎರಡೂ ಸೇರಿ ಅರ್ಧ ಕೆ.ಜಿ. ದಾಟದಿರಲಿ. ಅನ್ನ ಉಗುರುಬೆಚ್ಚಗಿರಬೇಕು. ಬಿಸಿ ಇದ್ದರೆ ಹಬೆಗೆ ಮುಚ್ಚಳ ಬೆವರಿ ಹಿಟ್ಟು ನೀರಾಗುತ್ತೆ, ಫ್ರಿಜ್‌ನದಾದರೆ ಅಗುಳು ಗಟ್ಟಿಯಾಗಿ ಹಾಗೇ ಉಳಿದು ಲಟ್ಟಿಸುವಾಗ ಒಟ್ಟಿ ಹರಿಯುತ್ತೆ.

ಮೊದಲು ಸ್ಟೀಲ್ ಬ್ಲೇಡ್. ಅನ್ನ, ಉಪ್ಪು, ಅರ್ಧ ಹಿಟ್ಟು ಒಟ್ಟಿಗೆ ಹಾಕಿ 10 ಸೆಕೆಂಡ್ ಪಲ್ಸ್ ಮಾಡಿ. ಅನ್ನ ಒಂದನ್ನೇ ಹಾಕಬೇಡಿ, ಮುದ್ದೆಯಾಗಿ ಬ್ಲೇಡನ್ನೇ ಹಿಡಿದುಬಿಡುತ್ತೆ. ಜೊತೆಗೆ ಹಿಟ್ಟಿದ್ದರೆ ಅಗುಳು ಬಿಡಿಬಿಡಿಯಾಗಿ ಮುರಿಯುತ್ತೆ. ಆಮೇಲೆ ಸ್ವಿಚ್ ಆಫ್ ಮಾಡಿ, ನಾದುವ ಬ್ಲೇಡಿಗೆ ಬದಲಿಸಿ, ಉಳಿದ ಹಿಟ್ಟು ಹಾಕಿ ಕಡಿಮೆ ವೇಗದಲ್ಲಿ 30ರಿಂದ 40 ಸೆಕೆಂಡ್. ಹಿಟ್ಟು ಗೋಡೆ ಬಿಟ್ಟು ಒಟ್ಟಾದ ತಕ್ಷಣ ನಿಲ್ಲಿಸಿ. ನೀರು ಮೊದಲೇ ಬೇಡ, ಅನ್ನದಲ್ಲೇ ಸಾಕಷ್ಟಿದೆ. ಪುಡಿಪುಡಿ ಅನಿಸಿದರೆ ಮಾತ್ರ ಮೇಲಿನ ಕೊಳವೆಯಿಂದ ಒಂದೊಂದೇ ಚಮಚ ಬಿಸಿನೀರು. ಕೊನೆಗೆ ಕೈಯಲ್ಲಿ ಒಂದು ನಿಮಿಷ ಒತ್ತಿ ಉಂಡೆ ಕಟ್ಟಿ. ಆ ಒಂದು ನಿಮಿಷ ಮಾತ್ರ ಮಿಷಿನ್‌ಗೆ ಬಿಡಬೇಡಿ, ಹದ ಗೊತ್ತಾಗೋದು ಅಂಗೈಗೇ.

ಗೋಣಿಕೊಪ್ಪ ರಿಪೇರಿ:

ಮೋಟಾರ್ ನಿಂತಿದೆ ಅಂದ್ರಲ್ಲ, ಅದು ಸುಟ್ಟಿರಬೇಕು ಅಂತೇನಿಲ್ಲ. ಹೆಚ್ಚಿನ ಮಾಡೆಲ್‌ಗಳ ತಳದಲ್ಲಿ ಓವರ್‌ಲೋಡ್ ಬಟನ್ ಇರುತ್ತೆ, ಸಾಮಾನ್ಯವಾಗಿ ಕೆಂಪು. ಪ್ಲಗ್ ತೆಗೆದು, ಬೌಲ್ ಖಾಲಿ ಮಾಡಿ, 15–20 ನಿಮಿಷ ತಣ್ಣಗಾಗಲು ಬಿಟ್ಟು ಆ ಬಟನ್ ಒತ್ತಿ. ಬಟನ್ ಸರಿಯಿದ್ದೂ ಓಡದಿದ್ದರೆ ಮುಚ್ಚಳ ನೋಡಿ. ಬೌಲೂ ಮುಚ್ಚಳವೂ ಟಕ್ ಅಂತ ಕೂರದಿದ್ದರೆ ಒಳಗಿನ ಸೇಫ್ಟಿ ಸ್ವಿಚ್ ಕರೆಂಟ್ ಬಿಡಲ್ಲ. ಆ ಸಂದಿಯಲ್ಲಿ ಹಿಟ್ಟು ಒಣಗಿ ಗಟ್ಟಿಯಾಗಿರೋದೇ ಎಷ್ಟೋ ಸಲ ಕಾರಣ. ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ. ಮೋಟಾರ್ ಓಡುತ್ತೆ, ಬ್ಲೇಡ್ ತಿರುಗಲ್ಲ ಅಂದರೆ ಮೋಟಾರಿಗೂ ಬ್ಲೇಡಿಗೂ ಕೊಂಡಿಯಾಗಿರೋ ಕಪ್ಲರ್ ಸವೆದಿದೆ, ಅದೊಂದೇ ಬದಲಿಸಿದರಾಯ್ತು.

ವೋಲ್ಟೇಜ್ ವಿಷಯ. 230 ಇರಬೇಕಾದ್ದು 180ಕ್ಕೆ ಇಳಿದರೆ ಅದೇ ವೇಗದಲ್ಲಿ ಮೋಟಾರಿನ ಎಳೆಯುವ ಬಲ ಸುಮಾರು ಶೇ. 40 ಕಡಿಮೆಯಾಗುತ್ತೆ. ಗಟ್ಟಿ ಹಿಟ್ಟಿಗೆ ಸಿಕ್ಕಿ ವೇಗ ಕುಗ್ಗಿದರೆ ಒಳಗಿನ ಫ್ಯಾನೂ ನಿಧಾನ, ಕರೆಂಟ್ ಎಳೆಯೋದು ಜಾಸ್ತಿ, ಶಾಖ ಹೊರಗೆ ಹೋಗಲ್ಲ. ವೋಲ್ಟೇಜ್ ಇಳಿದಿದ್ದಾಗ ತರಕಾರಿ ಹೆಚ್ಚೋದಕ್ಕೆ ತೊಂದರೆಯಿಲ್ಲ, ಹಿಟ್ಟು ಮತ್ತು ಮಾಂಸ ಮಾತ್ರ ಬೇಡ. ಮನೆಯ 850 ವಿಎ ಇನ್ವರ್ಟರ್ ಮೇಲೆ 1000 ವ್ಯಾಟ್ ಮಿಷಿನ್ ಹಾಕಲೇಬೇಡಿ.

ಸೋಮವಾರಪೇಟೆ ತೋಟ:

ಕಣಿಲೆಗೆ ಸ್ಲೈಸ್ ತಟ್ಟೆ ಚೆನ್ನಾಗಿ ಒಗ್ಗುತ್ತೆ. ಸಿಪ್ಪೆ ಬಿಡಿಸಿ, ಚಾಕು ಸಲೀಸಾಗಿ ಇಳಿಯುವಷ್ಟು ಭಾಗ ಮಾತ್ರ ಇಟ್ಟುಕೊಳ್ಳಿ. ಗಟ್ಟಿ ಗಂಟು ಸಿಕ್ಕಿದರೆ ತಟ್ಟೆಯ ಅಲಗು ಹಲ್ಲು ಬೀಳುತ್ತೆ. ಕೊಳವೆಯ ಅಗಲಕ್ಕೆ ಸೀಳಿ, ನೆಟ್ಟಗೆ ನಿಲ್ಲಿಸಿ, ಪುಷರ್‌ನಿಂದ ಹಗುರವಾಗಿ ಒತ್ತಿ. ಜೋರಾಗಿ ಒತ್ತಿದರೆ ಬಿಲ್ಲೆ ಓರೆಯಾಗಿ ದಪ್ಪ ಬರುತ್ತೆ. ಪುಷರ್ ಬಿಟ್ಟು ಬೆರಳು ಹಾಕಬೇಡಿ. ಹೆಚ್ಚೋದು ಮೊದಲು, ನೆನೆಸೋದು ಆಮೇಲೆ. ಬಿಲ್ಲೆ ತೆಳುವಾದಷ್ಟೂ ಒಳಗಿನ ಕಹಿ, ವಿಷದಂಶ ನೀರಿಗೆ ಬೇಗ ಇಳಿಯುತ್ತೆ. ಎರಡು ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ, ಕೊನೆಗೆ ಕುದಿಸಿ ಆ ನೀರನ್ನೂ ಚೆಲ್ಲಬೇಕು. ಹೆಚ್ಚೋ ಕೆಲಸ ಹಗುರಾಯ್ತು ಅಂತ ಇದನ್ನು ಮೊಟಕು ಮಾಡಬಾರದು.

ಕೈಮಕ್ಕೆ ಮಾಂಸವನ್ನು 2 ಸೆಂ.ಮೀ. ತುಂಡು ಮಾಡಿ, ಬಿಳಿ ನಾರು, ಚರ್ಮ ತೆಗೆದು, ಫ್ರೀಜರ್‌ನಲ್ಲಿ 20–30 ನಿಮಿಷ ಇಡಿ. ಅಂಚು ಗಟ್ಟಿಯಾಗಬೇಕು, ಕಲ್ಲಾಗಬಾರದು. ಬೆಚ್ಚಗಿನ ಮಾಂಸವಾದರೆ ಕೊಬ್ಬು ಕರಗಿ ಬೌಲ್‌ಗೆ ಬಳಿದುಕೊಳ್ಳುತ್ತೆ. ಸಲಕ್ಕೆ 250 ಗ್ರಾಂ, ಎಂಟು ಹತ್ತು ಪಲ್ಸ್. ಪೇಸ್ಟ್ ಆದರೆ ಉಂಡೆ ರಬ್ಬರ್ ಥರ ಆಗುತ್ತೆ.

ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ. ಹಿಂಡುವ ಭಾಗದ ಮೇಲೆ ಒತ್ತಿದರೆ ಸಿಪ್ಪೆ ಜಾರಿ ಹರಿಯುತ್ತೆ. ಅಂಗೈ ತುಂಬ ಮೆಲ್ಲಗೆ ಹಿಡಿದು ಒತ್ತಿ. ಬೀಜ ಸಮೇತ ಜಾರ್‌ಗೆ ಹಾಕಿದರೆ ರಸ ಕಹಿ.

ನಾಪೋಕ್ಲು ಅಡುಗೆಮನೆ:

ತುಂಬಾ ಉಪಕಾರ ಆಯ್ತು. ಇನ್ನೊಂದು: ಕ್ಯಾರೆಟ್ ತುರಿದ ಮೇಲೆ ಬೌಲ್ ಕೇಸರಿ ಬಣ್ಣ, ಮಳೆಗಾಲದಲ್ಲಿ ಮುಚ್ಚಳದ ರಬ್ಬರ್ ಮುಗ್ಗುಲು ವಾಸನೆ. ಏನು ಮಾಡೋದು?

ಕಾಳುಮೆಣಸು, ವಿರಾಜಪೇಟೆ:

ಕ್ಯಾರೆಟ್ ಬಣ್ಣ ಕರಗೋದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಒರೆಸಿ, ಆಮೇಲೆ ಸೋಪು. ರಬ್ಬರ್ ರಿಂಗ್ ಪ್ರತಿ ಸಲ ಬಿಚ್ಚಿ ತೊಳೆದು ಬೇರೆಯಾಗೇ ಒಣಗಿಸಿ. ಬೌಲ್ ಮೇಲೆ ಮುಚ್ಚಳ ಲಾಕ್ ಮಾಡಿಡಬೇಡಿ, ಮಗುಚಿ ಸುಮ್ಮನೆ ಇಡಿ. ಒಲೆ ಪಕ್ಕದ ಶಾಖಕ್ಕೆ ಇಟ್ಟರೆ ಬೌಲ್ ಸೊಟ್ಟಗಾಗಿ ಲಾಕ್ ಕೂರಲ್ಲ.