ದುಬೈ: ಸಂಕ್ರಾಂತಿ ಪಿಕ್ನಿಕ್, 45 ಜನ. ಜಾಗ ಯಾವುದು, ಅಡುಗೆ ಎಷ್ಟು?

ಮಿರ್ದಿಫ್_ಕನ್ನಡತಿ:
ಸಂಕ್ರಾಂತಿ ಕಳೆದ ಮೇಲಿನ ಶನಿವಾರ ಹನ್ನೆರಡು ಮನೆಯವರು ಸೇರಿ ಹೊರಗೆ ಊಟ ಮಾಡೋಣ ಅಂತಿದ್ದೇವೆ. 30 ದೊಡ್ಡವರು, 15 ಮಕ್ಕಳು. ವಿಸಿಟ್ ವೀಸಾದಲ್ಲಿ ಊರಿಂದ ಬಂದ ಹಿರಿಯರೂ ಇದ್ದಾರೆ, ಹೆಚ್ಚು ನಡೆಯಲಾರರು. ಬಿಸಿಬೇಳೆಬಾತ್, ಮೊಸರನ್ನ ಮನೆಯಿಂದಲೇ ಒಯ್ಯುವ ಯೋಚನೆ. ಪಾರ್ಕ್ ಒಳ್ಳೆಯದೋ, ಹಟ್ಟಾ ಬೆಟ್ಟಗಳ ಕಡೆ ಯಾವುದಾದರೂ ವಾದಿಯೋ (ಮಳೆ ಬಂದಾಗ ಹರಿಯುವ ಒಣ ಹಳ್ಳ)? ಅಳತೆ ಗೊತ್ತಿದ್ದವರು ಹೇಳಿ.

ಘಾಫ್_ನೆರಳು:
ಹಿರಿಯರಿದ್ದರೆ ಮುಶ್ರಿಫ್ ಪಾರ್ಕ್. ಕಾರು ಒಳಗೇ ಹೋಗುತ್ತದೆ, ಟಿಕೆಟ್ಟೂ ಕಾರಿಗೆ 10 ದಿರ್ಹಂ. ಜಬೀಲ್ ಪಾರ್ಕ್ ಚೆಂದವೇ, ಆದರೆ ಪಾತ್ರೆ ಪಗಡ ಎಲ್ಲ ಗೇಟಿನಿಂದ ಹೊರಬೇಕು, ಟಿಕೆಟ್ಟಿಗೆ ನೋಲ್ ಕಾರ್ಡೂ (ಮೆಟ್ರೋ, ಬಸ್ಸಿಗೆ ಬಳಸುವ ಪ್ರೀಪೇಯ್ಡ್ ಕಾರ್ಡ್) ಬೇಕು.

ನೆರಳಿನ ಜಾಗ ಮೊದಲು ಬಂದವರಿಗೆ. ಇಬ್ಬರು ಎಂಟಕ್ಕೇ ಹೋಗಿ ಜಮಖಾನ ಹಾಸಲಿ. ಜನವರಿ ಬೆಳಿಗ್ಗೆ ಮಂಜು ಬಿದ್ದು ಹುಲ್ಲು ಒದ್ದೆ ಇರುತ್ತದೆ, ಕೆಳಗೆ ಟಾರ್ಪಾಲಿನ್ ಹಾಕದಿದ್ದರೆ ಜಮಖಾನವೂ ಸೀರೆಯೂ ಒದ್ದೆ. ಇದ್ದಿಲ ಒಲೆ ಹಚ್ಚುವುದಿದ್ದರೆ ಗುರುತು ಮಾಡಿದ ಜಾಗದಲ್ಲಿ ಮಾತ್ರ. ಆರರೊಳಗೆ ಸೂರ್ಯ ಮುಳುಗಿ ಚಳಿ ಶುರು, ಹಿರಿಯರಿಗೆ ಶಾಲು ಇರಲಿ.

ಉಡುಪಿ_ಒಲೆ:
ಮಕ್ಕಳನ್ನು ಅರ್ಧ ಎಂದು ಹಿಡಿದರೆ ನಿಮ್ಮದು 38 ಊಟ. ಮೊಸರನ್ನವೂ ಇರುವುದರಿಂದ ಬಾತ್‌ಗೆ ಅಕ್ಕಿ 2.5 ಕಿಲೋ, ತೊಗರಿಬೇಳೆ 1.75 ಕಿಲೋ, ತರಕಾರಿ 3.5 ಕಿಲೋ, ಹುಣಸೆ 250 ಗ್ರಾಂ, ಪುಡಿ 300 ಗ್ರಾಂ, ತುಪ್ಪ 400 ಗ್ರಾಂ ಸಾಕು.

ನಾಲ್ಕು ಮನೆಗೆ ಹಂಚಿ ಮಾಡಿಸಬೇಡಿ, ನಾಲ್ಕು ರುಚಿ ಬರುತ್ತದೆ. ಅನ್ನ ಒಂದು ಕಡೆ, ಬೇಳೆ ಒಂದು ಕಡೆ ಬೇಯಲಿ. ತರಕಾರಿ, ಹುಣಸೆ, ಪುಡಿ ಕುದಿಸಿ ಎಲ್ಲವನ್ನೂ ಸೇರಿಸುವುದು ಒಂದೇ ಮನೆಯಲ್ಲಿ.

ಎಲ್ಲರೂ ಎಡವುವುದು ಹದದಲ್ಲಿ. ಮನೆಯಲ್ಲಿ ಸರಿಯಾಗಿದ್ದ ಬಾತ್ ಪಾರ್ಕಿಗೆ ಹೋಗುವಷ್ಟರಲ್ಲಿ ಇಟ್ಟಿಗೆ! ಅನ್ನ, ಬೇಳೆ ಎರಡೂ ಆರುತ್ತಾ ನೀರು ಹೀರುತ್ತವೆ. ಆದ್ದರಿಂದ ಹೊರಡುವಾಗ ಸೌಟಿನಿಂದ ಸುರಿಯುವಷ್ಟು ತೆಳ್ಳಗಿರಲಿ. ಜೊತೆಗೆ ಫ್ಲಾಸ್ಕಿನಲ್ಲಿ 3 ಲೀಟರ್ ಕುದಿನೀರು ಒಯ್ಯಿರಿ, ಅದಕ್ಕೆ ಉಪ್ಪು, ಎರಡು ಚಮಚ ಪುಡಿ ಕದಡಿರಿ. ಬರೀ ನೀರು ಬೆರೆಸಿದರೆ ಸಪ್ಪೆ. ಐಸ್‌ಬಾಕ್ಸ್‌ನೊಳಗೆ ಕುದಿನೀರು ತುಂಬಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಬಿಸಿ ಪಾತ್ರೆಯನ್ನು ಟವೆಲ್ ಸುತ್ತಿ ಅದರಲ್ಲಿಡಿ. ತಂಪು ಕಾಯುವ ಪೆಟ್ಟಿಗೆ ಬಿಸಿಯನ್ನೂ ಕಾಯುತ್ತದೆ.

ಮೊಸರನ್ನಕ್ಕೆ ಅಕ್ಕಿ 1.25 ಕಿಲೋ, ಹಾಲು 2.5 ಲೀಟರ್. ಬಿಸಿ ಅನ್ನವನ್ನು ಹಾಲಿನಲ್ಲಿ ಕಿವುಚಿ, ಆರಿದ ಮೇಲೆ ಎರಡು ಚಮಚ ಮೊಸರು ಮಾತ್ರ. ಉಳಿದ ಒಂದೂವರೆ ಕಿಲೋ ಮೊಸರು ತಣ್ಣಗೆ ಬೇರೆ ಬರಲಿ, ಬಡಿಸುವಾಗ ಬೆರೆಸಿ. ಬೆಳಿಗ್ಗೆಯೇ ಸುರಿದರೆ ಮಧ್ಯಾಹ್ನ ಒಂದು ಗಂಟೆಗೆ ಹುಳಿ. ದಾಳಿಂಬೆಯೂ ಬಡಿಸುವಾಗಲೇ.

ಇನ್ನೊಂದು, ಮರೆಯಬೇಡಿ: ಊರಿಂದ ಬರುವ ಹಿರಿಯರ ಕೈಲಿ ಬಿಸಿಬೇಳೆ ಪುಡಿ ತರಿಸುವುದಾದರೆ ಅದರಲ್ಲಿ ಗಸಗಸೆ ಇರಲೇಬಾರದು. ಯುಎಇಯಲ್ಲಿ ಗಸಗಸೆ ನಿಷಿದ್ಧ, ಏರ್‌ಪೋರ್ಟಿನಲ್ಲೇ ತೊಂದರೆ. ಪುಡಿಗೆ ಅದಿಲ್ಲದಿದ್ದರೂ ಏನೂ ಕಮ್ಮಿಯಾಗದು, ಕೊಬ್ಬರಿ ಸ್ವಲ್ಪ ಹೆಚ್ಚಿಸಿ.

ಎಳ್ಳುಬೆಲ್ಲಕ್ಕೆ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ತಲಾ 500 ಗ್ರಾಂ, ಎಳ್ಳು 250 ಗ್ರಾಂ. ತಲೆಗೆ 50 ಗ್ರಾಮಿನ 45 ಪೊಟ್ಟಣ. ಬೆಲ್ಲ ಹೆಚ್ಚಿ ಒಂದು ದಿನ ಬಿಸಿಲಿಗೆ ಒಣಗಿಸಿ, ಕೊನೆಗೆ ಬೆರೆಸಿ. ಇಲ್ಲವಾದರೆ ಕರಾವಳಿಯ ತೇವಕ್ಕೆ ಎಲ್ಲ ಅಂಟು ಉಂಡೆ.

ಕುಡ್ಲ_ಕರಾಮಾ:
ವಾದಿ ಬೇಡ ಮಾರಾಯ್ರೆ, ಅದೂ ಜನವರಿಯಲ್ಲಿ. ಮಳೆ ಬರುವುದೇ ಈ ಚಳಿಗಾಲದಲ್ಲಿ. ಬರೀ ಕಲ್ಲಿನ ಬೆಟ್ಟ ನೀರು ಹೀರುವುದಿಲ್ಲ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲೆಲ್ಲೋ ಸುರಿದದ್ದು ಸ್ವಲ್ಪ ಹೊತ್ತಿಗೇ ಕೆಳಗೆ ನುಗ್ಗುತ್ತದೆ. 2023ರ ನಿಯಮದ ಪ್ರಕಾರ ಮಳೆಯಲ್ಲಿ ವಾದಿ ಹತ್ತಿರ ಗುಂಪು ಸೇರಿದರೆ 1,000 ದಿರ್ಹಂ ದಂಡ, ಡ್ರೈವಿಂಗ್ ಲೈಸೆನ್ಸಿಗೆ 6 ಬ್ಲ್ಯಾಕ್ ಪಾಯಿಂಟ್. ನೀರು ಹರಿಯುವ ವಾದಿಗೆ ಗಾಡಿ ಇಳಿಸಿದರೆ 2,000 ದಿರ್ಹಂ, 23 ಪಾಯಿಂಟ್, ಗಾಡಿ 60 ದಿನ ಜಪ್ತಿ.

ಖರ್ಚಿನ ಲೆಕ್ಕ ಮನೆವಾರು ಹಂಚಿಕೊಳ್ಳಿ, ಅಷ್ಟೇ. ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಊರ ದೇವಸ್ಥಾನಕ್ಕೆ ಎತ್ತೋಣ ಎಂದು ಗ್ರೂಪಿನಲ್ಲಿ ಯಾರೂ ಹಾಕದಿರಲಿ. ಪರವಾನಗಿ ಇಲ್ಲದೆ ದೇಣಿಗೆ ಎತ್ತುವುದು ಇಲ್ಲಿ ಅಪರಾಧ.

ಮಿರ್ದಿಫ್_ಕನ್ನಡತಿ:
ಹಾಗಾದರೆ ಮುಶ್ರಿಫೇ ಗಟ್ಟಿ. ಎಲ್ಲರಿಗೂ ಥ್ಯಾಂಕ್ಸ್. ಲಗೋರಿ, ಹಗ್ಗ ಜಗ್ಗಾಟ ಇಟ್ಟುಕೊಂಡಿದ್ದೇವೆ. ಹಗ್ಗ ಎಂಥದ್ದು ತರಲಿ?

ಕುಡ್ಲ_ಕರಾಮಾ:
ನೈಲಾನ್ ಬೇಡ, ಜಾರಿದರೆ ಅಂಗೈ ಸುಲಿಯುತ್ತದೆ. ಹತ್ತಿಯದೋ ನಾರಿನದೋ, ಹೆಬ್ಬೆರಳಿಗಿಂತ ದಪ್ಪ, ಕಡಿಮೆಯೆಂದರೆ 15 ಮೀಟರ್. ಕೈಗೆ ಸುತ್ತಿಕೊಳ್ಳಲು ಯಾರನ್ನೂ ಬಿಡಬೇಡಿ. ಲಗೋರಿಗೆ ಒಂದಡಿ ಪ್ಲೈವುಡ್ ತುಂಡು ಒಯ್ಯಿರಿ, ಹುಲ್ಲಿನ ಮೇಲೆ ಏಳು ಕಲ್ಲು ನಿಲ್ಲುವುದಿಲ್ಲ. ಚೆಂಡು ಟೆನಿಸ್‌ದು ಸಾಕು.