ಶಾಲೆಗಳಲ್ಲಿ ‘ಝೀರೋ ಟಾಲರೆನ್ಸ್’ ನಿಯಮ ನ್ಯಾಯವೇ?

ಪ್ರಶ್ನೆ:
‘ಝೀರೋ ಟಾಲರೆನ್ಸ್’ ಅಂದರೆ, ತಪ್ಪು ಇಂಥದ್ದಾದರೆ ಶಿಕ್ಷೆ ಇಷ್ಟೇ, ಮಗುವಿನ ವಯಸ್ಸು, ಉದ್ದೇಶ, ಹಿನ್ನೆಲೆ ಯಾವುದನ್ನೂ ನೋಡಬೇಕಿಲ್ಲ. ಎಲ್ಲರಿಗೂ ಒಂದೇ ಅಳತೆ ಅನ್ನೋದು ಕೇಳೋಕೆ ಸರಿಯೇ. ಆಚರಣೆಯಲ್ಲಿ?

ಉತ್ತರ 1:
ಅಮೆರಿಕದ 1994ರ ಗನ್-ಫ್ರೀ ಸ್ಕೂಲ್ಸ್ ಕಾಯ್ದೆ ನೋಡಿ. ಬಂದೂಕು ತಂದ ವಿದ್ಯಾರ್ಥಿ ಕನಿಷ್ಠ ಒಂದು ವರ್ಷ ಹೊರಗೆ. ಆದರೆ ಪ್ರಕರಣ ನೋಡಿ ಶಿಕ್ಷೆ ಬದಲಿಸುವ ಅಧಿಕಾರವನ್ನೂ ಅದೇ ಕಾಯ್ದೆ ಕೊಟ್ಟಿದೆ (ಇದನ್ನ ಬಹಳ ಜನ ಮರೀತಾರೆ). ಹದ ತಪ್ಪಿದ್ದು ಶಾಲೆಗಳು ಅದೇ ಬಿಗಿಯನ್ನ ಜಗಳ, ಎದುರುತ್ತರ, ತಲೆನೋವಿನ ಮಾತ್ರೆವರೆಗೂ ಎಳೆದಾಗ. ಊಟದ ಡಬ್ಬಿಯಲ್ಲಿ ಹಣ್ಣಿನ ಚಾಕು ತಂದ ಮಗುವೂ, ಚಾಕು ತೋರಿಸಿ ಬೆದರಿಸಿದವನೂ ಒಂದೇ ಸಾಲಿಗೆ ಬಂದರು. ಇದು ಸಮಾನತೆ ಅಲ್ಲ, ಅನ್ಯಾಯ. ಅಮೆರಿಕದ ಮನೋವಿಜ್ಞಾನಿಗಳ ಸಂಘವಾದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಕಾರ್ಯಪಡೆಯ 2008ರ ವರದಿಗೂ ಈ ನಿಯಮಗಳಿಂದ ಶಾಲೆ ಹೆಚ್ಚು ಸುರಕ್ಷಿತವಾಗುತ್ತೆ ಅನ್ನೋಕೆ ಆಧಾರ ಸಿಗಲಿಲ್ಲ.

ಉತ್ತರ 2:
ಪೂರ್ತಿ ಒಪ್ಪಲ್ಲ. ಶಿಕ್ಷೆಯನ್ನ ಮುಖ್ಯೋಪಾಧ್ಯಾಯರ ಮರ್ಜಿಗೆ ಬಿಟ್ಟರೆ ಪ್ರಭಾವಿಗಳ ಮಕ್ಕಳು ಪಾರಾಗ್ತಾರೆ, ಉಳಿದವರು ಸಿಕ್ಕಿಬೀಳ್ತಾರೆ. ಹಾಗಾಗಿ ಕಟ್ಟುನಿಟ್ಟು ಇರಬೇಕಾದ್ದು ವಿಚಾರಣೆಯ ಕ್ರಮದಲ್ಲಿ. ಅಮೆರಿಕದ ಸುಪ್ರೀಂ ಕೋರ್ಟಿನ ಗಾಸ್ ವಿರುದ್ಧ ಲೋಪೆಜ್ (1975) ತೀರ್ಪಿನ ಪ್ರಕಾರ 10 ದಿನದೊಳಗಿನ ಅಮಾನತಿಗೂ ಆರೋಪ ತಿಳಿಸಬೇಕು, ವಿದ್ಯಾರ್ಥಿ ಅಲ್ಲಗಳೆದರೆ ಸಾಕ್ಷ್ಯ ವಿವರಿಸಬೇಕು, ಅವನ ಮಾತು ಕೇಳಬೇಕು. ತಕ್ಷಣದ ಅಪಾಯವಿದ್ದರೆ ಮೊದಲು ಹೊರಗೆ ಕಳಿಸಿ, ಆಮೇಲೆ ಬೇಗ ವಿಚಾರಣೆ ಮಾಡಬಹುದು.

ಉತ್ತರ 3:
ಅಮಾನತು ಮುಗಿದ ಮೇಲಿನ ದಿನಗಳನ್ನ ಯಾರೂ ಯೋಚಿಸಲ್ಲ. ತಪ್ಪಿದ ಪಾಠ ಯಾರು ಹೇಳಿಕೊಡಬೇಕು, ಪರೀಕ್ಷೆ ಯಾವಾಗ, ಪೆಟ್ಟು ತಿಂದ ಮಗು ಅದೇ ತರಗತಿಯಲ್ಲಿ ಹೇಗೆ ಕೂರಬೇಕು? ಅಮಾನತಿನ ಆದೇಶದಲ್ಲೇ ಇದನ್ನ ಬರೆದಿಡಿ. ಇಲ್ಲದಿದ್ದರೆ ಓದಿನಲ್ಲಿ ಹಿಂದುಳಿದ ಹುಡುಗ ವಾಪಸ್ ಬಂದು ಮತ್ತೆ ಅದೇ ಜಗಳಕ್ಕೆ ಇಳೀತಾನೆ.