ಕ್ಯೂಬಾದ ಟ್ರಿನಿಡಾಡ್: ಅಮ್ಮನ ಜೊತೆ ಹೋಗಬಹುದಾ?

ಪ್ರಶ್ನೆ: ಜನವರಿಯಲ್ಲಿ ಅಮ್ಮನ ಜೊತೆ ಕ್ಯೂಬಾಗೆ ಹೊರಟಿದ್ದೇನೆ. ಸಾಂಕ್ಟಿ ಸ್ಪಿರಿಟುಸ್ ಪ್ರಾಂತ್ಯಕ್ಕೆ ಮೂರು ದಿನ ಇಟ್ಟಿದ್ದೇನೆ. ಅಮ್ಮನಿಗೆ ಮಂಡಿನೋವು. ಆ ಪ್ರಾಂತ್ಯದ ಟ್ರಿನಿಡಾಡ್‌ನಲ್ಲಿ ಓಡಾಡಲು ಆಗುತ್ತಾ?

ಉತ್ತರ: ಆಗುತ್ತದೆ, ನಿಧಾನವಾಗಿ. 1514ರ ಊರು, ಹಳೇ ಬೀದಿಗಳೆಲ್ಲ ಗುಂಡುಕಲ್ಲಿನವು. ಒಳ್ಳೆ ಶೂ ಬೇಕೇ ಬೇಕು. ಊರಿನ ಮುಖ್ಯ ಚೌಕ ಪ್ಲಾಸಾ ಮಯೋರ್ ಹತ್ತಿರ ಯಾರದಾದರೂ ಮನೆಯಲ್ಲೇ ರೂಮ್ ಹಿಡಿಯಿರಿ. ಅಮೆರಿಕದ ಬ್ಯಾಂಕ್ ಕಾರ್ಡ್ ನಡೆಯುವುದಿಲ್ಲ, ನಗದು ಇಟ್ಟುಕೊಳ್ಳಿ.

ಇನ್ನೊಂದು ಉತ್ತರ: ಅಕ್ಕ, ಪಕ್ಕದ ಕಬ್ಬಿನ ಕಣಿವೆ ಬಿಡಬೇಡಿ. ಅಲ್ಲಿನ ಹಳೇ ಕಬ್ಬಿನ ಎಸ್ಟೇಟ್ ಮನಾಕಾ ಇಸ್ನಾಗಾದಲ್ಲಿ ಸುಮಾರು 45 ಮೀಟರ್ ಎತ್ತರದ ಗೋಪುರ ಇದೆ. ಅದರ ಮೇಲಿಂದ ಗುಲಾಮರ ಮೇಲೆ ಕಣ್ಣಿಡುತ್ತಿದ್ದರು, ಗಂಟೆ ಹೊಡೆದು ಕೆಲಸಕ್ಕೆ ಕರೆಯುತ್ತಿದ್ದರು. ನಾನು ಮಂಡ್ಯದವನು, ಕಬ್ಬು ಕಡಿದ ಕೈ. ಈಗ ಕೆಳಗಿಟ್ಟಿರುವ ಆ ಗಂಟೆ ಮುಂದೆ ನಿಂತಾಗ ಮಾತೇ ಹೊರಡಲಿಲ್ಲ. ಅಮ್ಮ ಮೆಟ್ಟಿಲು ಹತ್ತುವುದು ಬೇಡ, ಕೆಳಗೇ ಕೂತಿರಲಿ.

ಕೇಳಿದವರು: ಹಾಗಾದರೆ ಒಂದು ಇಡೀ ದಿನ ಕಣಿವೆಗೇ ಇಡುತ್ತೇನೆ ಅಣ್ಣ.